ಸ್ಟೋರೇಜ್ ಅರೇ: ಸಿಸ್ಟಂ ಡ್ರೈವ್‌ಗಳ ಖಾಲಿ ಜಾಗದಲ್ಲಿ ಡೇಟಾ ಇಡಬಹುದೇ?

ಬ್ಯಾಂಕ್, ಆಸ್ಪತ್ರೆ, ಐಟಿ ಕಂಪನಿಗಳು ತಮ್ಮ ಡೇಟಾವನ್ನು ಸಾಮಾನ್ಯವಾಗಿ ಇಡುವುದು ಹತ್ತಾರು ಡ್ರೈವ್‌ಗಳನ್ನು ಒಟ್ಟಿಗೆ ಜೋಡಿಸಿದ 'ಸ್ಟೋರೇಜ್ ಅರೇ' ಎಂಬ ಯಂತ್ರದಲ್ಲಿ. ಇಂಥ ಹಲವು ಯಂತ್ರಗಳಲ್ಲಿ ಮೊದಲ ಕೆಲವು ಡ್ರೈವ್‌ಗಳ ಒಂದು ಭಾಗ ಯಂತ್ರದ ಸ್ವಂತ ಬಳಕೆಗೆ ಮೀಸಲು. ಉಳಿದ ಜಾಗ ಖಾಲಿ ಕಾಣುತ್ತದೆ. ಹೊಸ ಡ್ರೈವ್‌ಗೆ ಬಜೆಟ್ ಇಲ್ಲದಾಗ ಮೊದಲು ಕಣ್ಣು ಬೀಳುವುದೇ ಅಲ್ಲಿಗೆ. ಅದನ್ನು ಬಳಸುವುದು ಸುರಕ್ಷಿತವೇ?

ಮೀಸಲು ಜಾಗದಲ್ಲಿ ಏನಿದೆ?

ಇಎಂಸಿ ಕಂಪನಿ 2011ರಲ್ಲಿ ತಂದ ವಿಎನ್‌ಎಕ್ಸ್ ಅರೇಯನ್ನೇ ನೋಡಿ. ಇದರ ಮೊದಲ 4 ಡ್ರೈವ್‌ಗಳಲ್ಲಿ ತಲಾ 192 ಜಿಬಿ ಮೀಸಲು. 2013ರ ವಿಎನ್‌ಎಕ್ಸ್2ರಲ್ಲಿ ಇದು ತಲಾ 300 ಜಿಬಿ. ಹಿಂದಿನ ಕ್ಲಾರಿಯನ್ ಅರೇಯಲ್ಲಿ ಮೊದಲ 5 ಡ್ರೈವ್‌ಗಳು ಹೀಗಿದ್ದವು. ಯಂತ್ರದ ಆಪರೇಟಿಂಗ್ ಸಿಸ್ಟಂ, ಕಾನ್ಫಿಗರೇಷನ್ ವಿವರ ಮತ್ತು 'ವಾಲ್ಟ್' ಇರುವುದು ಇಲ್ಲೇ.

ವಾಲ್ಟ್ ಯಾಕೆ ಮುಖ್ಯ?

ಸರ್ವರ್ ಕಳಿಸಿದ ಡೇಟಾವನ್ನು ಅರೇ ಮೊದಲು ತನ್ನ ಮೆಮೊರಿಯಲ್ಲಿ, ಅಂದರೆ ಕ್ಯಾಶ್‌ನಲ್ಲಿ ಇಟ್ಟುಕೊಂಡು 'ಬರೆದಾಯಿತು' ಎಂದು ಉತ್ತರಿಸುತ್ತದೆ. ಡಿಸ್ಕ್‌ಗೆ ಬರೆಯುವುದು ಆಮೇಲೆ. ಈ ನಡುವೆ ಕರೆಂಟ್ ಹೋದರೆ ಬ್ಯಾಟರಿ ಬಲದಲ್ಲಿ ಕ್ಯಾಶ್‌ನ ಡೇಟಾವನ್ನೆಲ್ಲ ವಾಲ್ಟ್‌ಗೆ ಇಳಿಸಲಾಗುತ್ತದೆ. ಕರೆಂಟ್ ಬಂದ ಮೇಲೆ ಅದು ಮತ್ತೆ ತನ್ನ ಜಾಗ ಸೇರುತ್ತದೆ. ಗ್ರಾಹಕರೊಬ್ಬರು ಆ ಕ್ಷಣದಲ್ಲಿ ಕಳಿಸಿದ ಹಣದ ದಾಖಲೆ ಉಳಿಯುವುದು ಹೀಗೆ.

ಹಾಗಾದರೆ ಅಪಾಯ ಎಲ್ಲಿದೆ?

ನೀವು ಇಡುವ ಡೇಟಾ ಮೀಸಲು ಜಾಗವನ್ನು ಅಳಿಸುವುದಿಲ್ಲ, ಎರಡೂ ಪ್ರತ್ಯೇಕವಾಗಿಯೇ ಇರುತ್ತವೆ. ಆದರೆ ಡಿಸ್ಕ್ ಮಾತ್ರ ಒಂದೇ. 10 ಸಾವಿರ ಆರ್‌ಪಿಎಂ ಡ್ರೈವ್ ಸೆಕೆಂಡಿಗೆ ಸುಮಾರು 150 ಸಣ್ಣ ಓದು-ಬರಹಗಳನ್ನಷ್ಟೇ ನಿಭಾಯಿಸುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಬಿಡುವಿಲ್ಲದ ಡೇಟಾಬೇಸ್ ಒಂದನ್ನು ಅಲ್ಲಿಟ್ಟರೆ ಯಂತ್ರದ ಸ್ವಂತ ಕೆಲಸ ಸಾಲಿನಲ್ಲಿ ಕಾಯಬೇಕಾಗುತ್ತದೆ.

ಡ್ರೈವ್ ಕೆಟ್ಟಾಗ ತೊಂದರೆ ಇನ್ನೂ ದೊಡ್ಡದು. ಹೊಸ ಡ್ರೈವ್‌ಗೆ ಮರಳಿ ತುಂಬಬೇಕಾದ ಡೇಟಾ ಹೆಚ್ಚಾದಷ್ಟೂ ಸಮಯ ಹೆಚ್ಚು ಹಿಡಿಯುತ್ತದೆ. ಕ್ಲಾರಿಯನ್‌ನಲ್ಲಿ ಸುರಕ್ಷತೆಯ ಆಯ್ಕೆ ಆನ್ ಆಗಿದ್ದರೆ, ವಾಲ್ಟ್‌ನ ಒಂದೇ ಡ್ರೈವ್ ಕೆಟ್ಟರೂ ರೈಟ್ ಕ್ಯಾಶ್ ಬಂದ್ ಆಗುತ್ತಿತ್ತು. ಆಗ ಆ ಡ್ರೈವ್‌ಗೆ ಸಂಬಂಧವೇ ಇಲ್ಲದ ಅಪ್ಲಿಕೇಷನ್‌ಗಳೂ ನಿಧಾನವಾಗುತ್ತಿದ್ದವು.

ಸಿಗುವ ಲಾಭ ಎಷ್ಟು?

600 ಜಿಬಿ ಡ್ರೈವ್‌ನಲ್ಲಿ ಫಾರ್ಮ್ಯಾಟ್ ಬಳಿಕ ಉಳಿಯುವುದು ಸುಮಾರು 536 ಜಿಬಿ. ಅದರಲ್ಲಿ 192 ಕಳೆದರೆ 344 ಜಿಬಿ. ನಾಲ್ಕನ್ನೂ ರೇಡ್ 5ರಲ್ಲಿ ಜೋಡಿಸಿದರೆ ಒಂದು ಡ್ರೈವ್‌ನಷ್ಟು ಜಾಗ ಪ್ಯಾರಿಟಿಗೆ ಹೋಗಿ, ಕೈಗೆ ಸಿಗುವುದು ಸುಮಾರು 1 ಟಿಬಿ. ಸಣ್ಣ ಕಚೇರಿಗೆ ಇದು ಕಡೆಗಣಿಸುವ ಮೊತ್ತವೇನಲ್ಲ.

ಏನು ಇಡಬಹುದು, ಏನು ಬೇಡ?

* ಇಡಬಹುದು: ಅಪರೂಪಕ್ಕೆ ತೆರೆಯುವ ಹಳೆಯ ಫೈಲ್‌ಗಳು, ಇನ್‌ಸ್ಟಾಲೇಷನ್ ಫೈಲ್‌ಗಳು, ಪರೀಕ್ಷೆಗೆ ಬಳಸುವ ಡೇಟಾ.
* ಬೇಡ: ಡೇಟಾಬೇಸ್, ಇಮೇಲ್ ಸರ್ವರ್, ವರ್ಚುವಲ್ ಡೆಸ್ಕ್‌ಟಾಪ್.
* ನೆನಪಿಡಿ: ವಿಎನ್‌ಎಕ್ಸ್‌ನಲ್ಲಿ ಈ ಡ್ರೈವ್‌ಗಳನ್ನು ಸ್ಟೋರೇಜ್ ಪೂಲ್‌ಗೆ ಸೇರಿಸಲಾಗದು, ಹಾಟ್ ಸ್ಪೇರ್ ಆಗಿಯೂ ಬಳಸಲಾಗದು. ಪ್ರತ್ಯೇಕ ರೇಡ್ ಗ್ರೂಪ್ ಮಾಡಬೇಕು.

ಹೊಸ ಯಂತ್ರಗಳಲ್ಲಿ ಹೇಗೆ?

2016ರ ಯೂನಿಟಿ ಅರೇಯಲ್ಲಿ ಕ್ಯಾಶ್ ಇಳಿಸುವ ಕೆಲಸವನ್ನು ಕಂಟ್ರೋಲರ್ ಒಳಗಿನ ಎಂ.2 ಎಸ್‌ಎಸ್‌ಡಿಗೆ ವಹಿಸಲಾಗಿದೆ. ಸಿಸ್ಟಂ ಡ್ರೈವ್‌ಗಳನ್ನು ಪೂಲ್‌ಗೂ ಸೇರಿಸಬಹುದು. ಆದರೂ ಅವುಗಳಲ್ಲಿ ಒಂದಿಷ್ಟು ಜಾಗ ಯಂತ್ರಕ್ಕೇ ಮೀಸಲು.

ಆದ್ದರಿಂದ ನಿಮ್ಮ ಕಚೇರಿಯ ಅರೇಯಲ್ಲಿ ಈ ಜಾಗ ಬಳಸುವ ಮುನ್ನ ಆ ಮಾದರಿಯ ಕೈಪಿಡಿಯನ್ನು ಓದಿ. ಅಲ್ಲಿ ಇಡುವ ಡೇಟಾದ ಬ್ಯಾಕಪ್ ಬೇರೆಡೆ ಇರಲಿ. ಒಂದು ದಿನ ಸಿಗದಿದ್ದರೂ ಕೆಲಸ ನಿಲ್ಲದಂಥ ಡೇಟಾಗೆ ಮಾತ್ರ ಈ ಜಾಗ ಸೂಕ್ತ.