ಬೀಜದ ಕೂಸು, ಚಿಗುರಿನ ಪಡಿಯಚ್ಚು

ಮಳೆಗಾಲ ಹತ್ತಿರವಾದಂತೆ ಮಲೆನಾಡಿನ ಮರಗಳಲ್ಲಿ ಗೊಂಚಲಾಗಿ ಜೋತುಬೀಳುವ ಸೀತಾಳೆ ದಂಡೆಯನ್ನು ನೋಡಿದ್ದೀರಾ? ಅದೂ ಒಂದು ಆರ್ಕಿಡ್. ಆರ್ಕಿಡ್ ಕಾಯಿಯೊಳಗೆ ಹುಡಿಯಂಥ ಸಾವಿರಾರು ಬೀಜಗಳಿರುತ್ತವೆ. ಆದರೆ ಮೊಳಕೆಯನ್ನು ಸಾಕುವಷ್ಟು ಆಹಾರ ಅವುಗಳಲ್ಲಿಲ್ಲ. ಕಾಡಿನಲ್ಲಿ ತಕ್ಕ ಶಿಲೀಂಧ್ರದ ನೆರವು ಸಿಕ್ಕ ಬೀಜಕ್ಕಷ್ಟೇ ಬದುಕು.

ಈ ತೊಡಕನ್ನು 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಬಿಡಿಸಿದರು. ಸಕ್ಕರೆ, ಲವಣ ಬೆರೆಸಿದ ಅಗರ್ ಮೇಲೆ, ಶಿಲೀಂಧ್ರವಿಲ್ಲದೆಯೇ ಬೀಜ ಮೊಳೆಯುವುದನ್ನು ತೋರಿಸಿದರು. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಬೀಜವನ್ನೇ ಬಿಟ್ಟು, ಸಿಂಬಿಡಿಯಂ ಆರ್ಕಿಡ್ಡಿನ ಚಿಗುರುತುದಿಯಿಂದ ಗಿಡ ಬೆಳೆಸುವ ವಿಧಾನ ತಿಳಿಸಿದರು. ಇದು ಅಂಗಾಂಶ ಕೃಷಿ.

ಎರಡೂ ಬಾಟಲಿಯಲ್ಲೇ ಬೆಳೆದರೂ ಗುಣ ಬೇರೆ. ಬೀಜದ ಗಿಡಗಳು ಒಡಹುಟ್ಟಿದವರಂತೆ. ಬಣ್ಣ, ಎತ್ತರ, ಹೂಬಿಡುವ ಕಾಲ ಒಂದೊಂದಕ್ಕೂ ಒಂದೊಂದು ಬಗೆ. ಹೊಸ ತಳಿ ಹುಟ್ಟುವುದು ಹೆಚ್ಚಾಗಿ ಇಲ್ಲಿಂದಲೇ. ಆದರೆ ಹೂವು ಹೇಗಿದೆಯೆಂದು ತಿಳಿಯಲು ವರ್ಷಗಟ್ಟಲೆ ಕಾಯಬೇಕು. ಅಂಗಾಂಶದ ಗಿಡವೋ, ಅಪರೂಪದ ವ್ಯತ್ಯಾಸ ಬಿಟ್ಟರೆ, ತಾಯಿಯ ಪಡಿಯಚ್ಚು. ಒಂದೇ ಬಗೆಯ ಹೂ ಬೇಡುವ ಮಾರುಕಟ್ಟೆಗೆ ಇದೇ ಅನುಕೂಲ. ಆದರೆ ತಾಯಿಗೆ ತಡೆಯಲಾಗದ ರೋಗವನ್ನು ಮಕ್ಕಳೂ ತಡೆಯಲಾರವು. ರೋಗ ತಗುಲಿದರೆ ಇಡೀ ತೋಟಕ್ಕೇ ಅಪಾಯ.

ಹಾಗಾದರೆ ಯಾವುದು ಮೇಲು? ಮನೆಯ ಕುಂಡಕ್ಕೆ ಅಂಗಾಂಶದ ಗಿಡ ಸಾಕು. ಇಂಥದೇ ಹೂ ಬರುತ್ತದೆಂಬ ಭರವಸೆಯುಂಟು. ಬರಿದಾದ ಕಾಡಿಗೆ ಮರಳಿಸಲು ಮಾತ್ರ ಬೀಜದ ಗಿಡವೇ ಬೇಕು. ಒಂದು ಸೋತರೂ ಇನ್ನೊಂದು ಉಳಿದೀತು. ಪ್ರವಾಸ ಹೋದಾಗ ಮಕ್ಕಳು ಎಷ್ಟೇ ಹಟ ಹಿಡಿದರೂ ಸೀತಾಳೆ ದಂಡೆಯನ್ನು ಮರದಿಂದ ಕೀಳಬೇಡಿ. ನಾಳಿನ ಬೀಜ ಅಲ್ಲೇ ಇದೆ.