ಅಟ್ಟದ ಗೂಡಿನ ಮೂರನೆಯ ಮರಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ಅಡಿಕೆ ತೋಟದ ಮನೆಗಳಲ್ಲಿ ಆಡನ್ನು ಸಾಕುವುದು ಮುಖ್ಯವಾಗಿ ಮರಿಗಾಗಿ ಮತ್ತು ಹಿಕ್ಕೆಯ ಗೊಬ್ಬರಕ್ಕಾಗಿಯೇ ಹೊರತು ಹಾಲಿನ ವ್ಯಾಪಾರಕ್ಕಾಗಿ ಅಲ್ಲದಿರುವುದರಿಂದ, ಹುಟ್ಟಿದೊಡನೆ ಮರಿಯನ್ನು ತಾಯಿಯಿಂದ ಬಿಡಿಸಿ ಬಾಟಲಿಗೆ ಒಗ್ಗಿಸುವ ಪಾಶ್ಚಾತ್ಯ ಹೈನು ಫಾರಂಗಳ ಪದ್ಧತಿ ಇಲ್ಲಿ ಬೇರೂರಿಲ್ಲ. ತಾಯಿ ಸತ್ತಾಗ, ಕೆಚ್ಚಲು ಬಾವು ಬಂದಾಗ, ಇಲ್ಲವೇ ಎರಡೇ ಮೊಲೆಯ ಆಡು ಮೂರು ಮರಿ ಹಾಕಿದಾಗ ಮಾತ್ರ ಬಾಟಲಿ ಹೊರಬರುತ್ತದೆ. ಉತ್ತರ ಕೇರಳ ಮೂಲದ, ಕರಾವಳಿಯ ಮಳೆಗೆ ಒಗ್ಗಿದ ಮಲಬಾರಿ ತಳಿಯಲ್ಲಿ ಅವಳಿ ಸಾಮಾನ್ಯ, ತ್ರಿವಳಿಯೂ ಅಪರೂಪವಲ್ಲ; ಬಲವಾದ ಎರಡು ಮರಿಗಳು ಮೊಲೆ ಹಿಡಿದರೆ ಬಡಕಲಾದ ಮೂರನೆಯದು ಅಡುಗೆಕೋಣೆಯ ಪಾಲಾಗುತ್ತದೆ.

ಎಳವೆಯಲ್ಲಿ ಹಾಲೂಡಿದವರು ಯಾರೆಂಬುದು ಮುಂದಿನ ಸ್ವಭಾವವನ್ನು ರೂಪಿಸುತ್ತದೆಯೇ ಎಂಬುದನ್ನು 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಡೇವಿಡ್ ಲಯನ್ಸ್ ಮತ್ತು ಸಂಗಡಿಗರು ಪರೀಕ್ಷಿಸಿದರು. ತಾಯಿಯ ಬಳಿ ಬೆಳೆದ ಆಡುಗಳು, ಮನುಷ್ಯರು ಹಾಲೂಡಿ ಬೆಳೆಸಿದವುಗಳಿಗಿಂತ, ಮನುಷ್ಯರನ್ನು ಕಂಡರೆ ಹೆಚ್ಚು ಬೆದರುತ್ತಿದ್ದವು. ಆದರೆ ಒಂದೇ ರೀತಿಯಲ್ಲಿ ಬೆಳೆದವುಗಳ ನಡುವೆಯೂ ಪುಕ್ಕಲು ಯಾವುದು, ದಿಟ್ಟ ಯಾವುದು ಎಂಬ ವ್ಯತ್ಯಾಸ ಉಳಿದೇ ಇತ್ತೆಂಬುದನ್ನು ಬಾಟಲಿಯ ಪಕ್ಷಪಾತಿಗಳು ಮರೆಯುತ್ತಾರೆ. ಅಂಜುಬುರುಕ ಆಡು ಕರೆಯುವಾಗ ಸೊರ ಬಿಡದೆ, ಎಂದರೆ ಕೆಚ್ಚಲಿನ ಹಾಲನ್ನು ಮೊಲೆಗೆ ಇಳಿಸದೆ ತಡೆಹಿಡಿಯುತ್ತದೆಂದೂ ಆಗ ಕಂಡುಬಂತು.

ಗಂಡುಮರಿಯ ವಿಷಯ ಬೇರೆ. ಮನುಷ್ಯರ ನಡುವೆ ಒಂಟಿಯಾಗಿ ಬೆಳೆದ ಅದು ಅವರನ್ನೇ ತನ್ನ ಹಿಂಡೆಂದು ಎಣಿಸುವ ಸಂಭವವಿದ್ದು, ಎರಡು ತಿಂಗಳ ಪ್ರಾಯದಲ್ಲಿ ಮುದ್ದಾಗಿ ಕಂಡ ಹಣೆಯ ಒತ್ತು, ಬೀಜ ಒಡೆಸದ ಹೋತವಾಗಿ ಬೆಳೆದಾಗ ಮೊಣಕಾಲಿಗೆ ಬೀಳುವ ಗುದ್ದಾಗುತ್ತದೆ. ಎಳವೆಯ ಪ್ರಭಾವ ಎಷ್ಟು ಆಳವೆಂಬುದನ್ನು ಇಂಗ್ಲೆಂಡಿನ ಕೀತ್ ಕೆಂಡ್ರಿಕ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿತು: ಕುರಿಯ ಹಾಲು ಕುಡಿದು ಬೆಳೆದ ಆಡಿನ ಗಂಡುಮರಿಗಳು ಬಳಿಕ ಮೂರು ವರ್ಷ ಸ್ವಜಾತಿಯೊಡನೆ ಇದ್ದರೂ ಕುರಿಗಳನ್ನೇ ಕೂಡಬಯಸಿದವು, ಹೆಣ್ಣುಮರಿಗಳು ಒಂದೆರಡು ವರ್ಷಗಳಲ್ಲಿ ಸ್ವಜಾತಿಗೆ ಮರಳಿದವು.

ಆದರೂ ಈ ಫಲಿತಾಂಶಗಳನ್ನು ಇದ್ದಂತೆಯೇ ಇಲ್ಲಿಗೆ ಅನ್ವಯಿಸಲಾಗದು. ಆಡುಗಳು ಗುಡ್ಡದಲ್ಲೂ, ತೋಟಕ್ಕೆ ಹೊಂದಿಕೊಂಡು ಸೊಪ್ಪು-ಸೌದೆಯ ಸವಲತ್ತಿದ್ದ ಸರಕಾರಿ ಭೂಮಿಯಾದ ಕುಮ್ಕಿಯಲ್ಲೂ ಮೇಯುತ್ತಿದ್ದ ಕಾಲ ಹಿಂದೆ ಸರಿದು, ಹಲವು ಗುಡ್ಡಗಳು ರಬ್ಬರ್ ತೋಟಗಳಾಗಿವೆ. ಮಳೆಗಾಲದ ಕೆಸರಿಗೆ ಗೊರಸು ಕೊಳೆಯದಂತೆ ನೆಲದಿಂದ ಎತ್ತರಿಸಿ, ಹಿಕ್ಕೆ ಉದುರುವಷ್ಟು ಸಂದು ಬಿಟ್ಟು ಅಡಿಕೆ ದಬ್ಬೆ ಹಾಸಿದ ಅಟ್ಟದ ಗೂಡಿನಲ್ಲಿ ಅವು ದಿನವೂ ಮನುಷ್ಯರು ಕೊಟ್ಟ ಹಲಸಿನ ಸೊಪ್ಪನ್ನು ತಿನ್ನುತ್ತವೆ. ಆ ಸಂದಿಗೆ ಕಾಲು ಸಿಕ್ಕದಂತೆ ಎಳೆಮರಿಗೆ ಗೋಣಿ ಹಾಸುವವರೂ ಅವರೇ. ಹೀಗಾಗಿ ತಾಯಿಯ ಬಳಿಯ ಮರಿಗೂ ಮನುಷ್ಯರ ವಾಸನೆ ಹೊಸದಲ್ಲ. ಮೊದಲ ಕೆಲವು ವಾರ ನಿತ್ಯವೂ ಎತ್ತಿ, ಬೆನ್ನು-ಗೊರಸು ಸವರಿದರೆ ಅದೂ ಸಾಧುವಾಗುತ್ತದೆ. ಬಾಟಲಿಯಿಂದ ಬಂತೆನ್ನುವ ಸಲಿಗೆಯಲ್ಲಿ ಬಹುಪಾಲು ಕೈಗುಣವೇ.

ಮೂರನೆಯ ಮರಿಗೂ ಮೊದಲು ಸಲ್ಲಬೇಕಾದುದು ಗಿಣ್ಣುಹಾಲು. ಗರ್ಭದಲ್ಲಿರುವಾಗ ತಾಯಿಯ ಪ್ರತಿಕಾಯಗಳು ಆಡುಮರಿಗೆ ದಾಟದ ಕಾರಣ, ಹುಟ್ಟಿದ ಗಂಟೆಯೊಳಗೆ ಆರಂಭಿಸಿ ಮೊದಲ ದಿನದಲ್ಲಿ ದೇಹತೂಕದ ಸುಮಾರು ಶೇ 10ರಷ್ಟನ್ನು ಕುಡಿಸಬೇಕು. ಬಾಟಲಿಯನ್ನು ಕೆಚ್ಚಲಿನ ಎತ್ತರಕ್ಕೆ ಹಿಡಿದು, ಕತ್ತು ತುಸು ಮೇಲೆತ್ತಿ ಚೀಪುವಂತೆ ಮಾಡಿದರೆ ಅನ್ನನಾಳದ ತುದಿಯ ತೋಡು ಮುಚ್ಚಿಕೊಂಡು ಹಾಲು ನೇರವಾಗಿ ನಾಲ್ಕನೆಯ ಹೊಟ್ಟೆಗೆ ಇಳಿಯುತ್ತದೆ. ಈ ಕೆಲಸ ಒಡಹುಟ್ಟುಗಳ ನಡುವೆ ಗೂಡಿನಲ್ಲೇ ನಡೆದರೆ ಮರಿ ಹಿಂಡಿನ ರೀತಿನೀತಿಯನ್ನೂ ಕಲಿಯುತ್ತದೆ. ಅಂಗಳದಲ್ಲಿ ಮಕ್ಕಳೊಡನೆ ಬೆಳೆದ ಹೋತವಾದರೋ, ವರ್ಷ ತುಂಬಿ ಬಕ್ರೀದ್‌ಗೆ ಅರ್ಹವಾದಾಗ ಹಗ್ಗವಿಲ್ಲದೆಯೇ ಪಿಕಪ್ ಹತ್ತುವಷ್ಟು ಸಲಿಗೆಯದಾಗಿದ್ದರೂ, ಮನೆಯವರು ಕೊಡಲೊಪ್ಪದೆ ವ್ಯಾಪಾರಿ ಬರಿಗೈಯಲ್ಲಿ ಹಿಂದಿರುಗುವುದುಂಟು.