ಕೈಗೆ ಒಗ್ಗುವ ಪಿಸ್ತೂಲು, ಮನಸ್ಸಿಗೆ ಒಲಿಯುವ ಗುರಿ
ನಾಸಿಕ – ಛತ್ರಪತಿ ಸಂಭಾಜಿನಗರದ ಹೆತ್ತವರು ತಿಳಿದಿರಬೇಕಾದ ಒಂದು ಕ್ರೀಡೆ

ನಾಸಿಕ: ಶಾಲೆಯಿಂದ ಬಂದ ಮಗಳು ಚೀಲ ಕೆಳಗಿಡುತ್ತಲೇ "ಅಪ್ಪಾ, ನನಗೊಂದು ಪಿಸ್ತೂಲು ಬೇಕು" ಎಂದರೆ ಯಾವ ತಂದೆಯ ಎದೆಯೂ ಒಮ್ಮೆ ಧಸಕ್ಕೆನ್ನದೆ ಇರದು. ಹೋಟೇಲು, ಬೇಕರಿ, ಕಾರ್ಖಾನೆ, ಬ್ಯಾಂಕು ಎಂದು ಹೊಟ್ಟೆಪಾಡಿಗಾಗಿ ಮರಾಠಿ ಮಣ್ಣಿಗೆ ಬಂದು, ಮಕ್ಕಳ ವಿದ್ಯಾಭ್ಯಾಸವೇ ಸರ್ವಸ್ವವೆಂದು ನಂಬಿ ಬದುಕು ಕಟ್ಟಿಕೊಂಡ ನಮ್ಮವರ ಮನೆಗಳಲ್ಲಂತೂ ಈ ಮಾತು ಇನ್ನಷ್ಟು ಗಾಬರಿ ಹುಟ್ಟಿಸೀತು. ಆದರೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪಿಸ್ತೂಲಿನಲ್ಲಿ ಎರಡು ಕಂಚಿನ ಪದಕ ಗೆದ್ದ ಬಳಿಕ ಈ ಬೇಡಿಕೆ ಅಪರೂಪದ್ದೇನಲ್ಲ. ಅದೇ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ವಿಭಾಗದಲ್ಲಿ ಕಂಚು ಗೆದ್ದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಶೂಟಿಂಗ್ ಕಲಿತದ್ದು ನಾಸಿಕದ ಕ್ರೀಡಾ ಪ್ರಬೋಧಿನಿಯಲ್ಲಿ ಎಂಬುದು ಈ ನಗರದ ಮಕ್ಕಳಿಗೆ ಚೆನ್ನಾಗಿ ಗೊತ್ತು.

ನಾಸಿಕಕ್ಕೂ ಬಂದೂಕಿಗೂ ನಂಟು ಹಳೆಯದು. ದೇವಳಾಲಿಯಲ್ಲಿ ಸೇನೆಯ ತೋಪಖಾನೆ ಶಾಲೆಯಿದೆ, ತ್ರ್ಯಂಬಕ ರಸ್ತೆಯಲ್ಲಿ ಮಹಾರಾಷ್ಟ್ರ ಪೊಲೀಸ್ ಅಕಾಡೆಮಿಯಿದೆ. ಪಿಸ್ತೂಲಿನ ಮಾತು ಬಂದಾಗ ಮಾತ್ರ ಇಲ್ಲಿನ ಹಿರಿಯರ ನೆನಪು ಹೋಗುವುದು 1909ರ ಡಿಸೆಂಬರ್ 21ರ ರಾತ್ರಿಗೆ. ಅಂದು ವಿಜಯಾನಂದ ನಾಟ್ಯಗೃಹದಲ್ಲಿ 'ಸಂಗೀತ ಶಾರದಾ' ನಾಟಕ ನೋಡಲು ಬಂದಿದ್ದ ಕಲೆಕ್ಟರ್ ಜಾಕ್ಸನ್‌ರನ್ನು ಅನಂತ ಕಾನ್ಹೇರೆ ಎಂಬ ಹದಿಹರೆಯದ ತರುಣ ಬ್ರೌನಿಂಗ್ ಪಿಸ್ತೂಲಿನಿಂದ ಗುಂಡಿಕ್ಕಿ ಕೊಂದ. ಅದು ಲಂಡನ್ನಿನಿಂದ ವಿ. ದಾ. ಸಾವರ್ಕರರು ಗುಟ್ಟಾಗಿ ಕಳುಹಿಸಿದ 20 ಪಿಸ್ತೂಲುಗಳಲ್ಲಿ ಒಂದು. ಕಾನ್ಹೇರೆ ಓದುತ್ತಿದ್ದುದು ಔರಂಗಾಬಾದಿನಲ್ಲಿ, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರದಲ್ಲಿ. ಆಗ ಆ ಊರು ನಮ್ಮ ಕಲಬುರಗಿ, ರಾಯಚೂರು, ಬೀದರಗಳಂತೆಯೇ ನಿಜಾಮರ ಆಳ್ವಿಕೆಗೆ ಸೇರಿತ್ತು. ನಾಟಕವಾಡುತ್ತಿದ್ದ ಕಿರ್ಲೋಸ್ಕರ ಮಂಡಳಿಯ ಸ್ಥಾಪಕ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು ಎಂಬುದನ್ನೂ ಇಲ್ಲಿ ನೆನೆಯಬಹುದು. 1910ರ ಏಪ್ರಿಲ್ 19ರಂದು ಠಾಣೆಯ ಸೆರೆಮನೆಯಲ್ಲಿ ಕಾನ್ಹೇರೆ ಹಾಗೂ ಇಬ್ಬರು ಸಂಗಡಿಗರನ್ನು ಗಲ್ಲಿಗೇರಿಸಲಾಯಿತು. ಹುತಾತ್ಮ ಅನಂತ ಕಾನ್ಹೇರೆ ಮೈದಾನದಲ್ಲಿ ಇಂದು ಮಕ್ಕಳು ಕ್ರಿಕೆಟ್ ಆಡುತ್ತಾರೆ.

ಅದು ಇತಿಹಾಸ. ಇಂದಿನ ಪಿಸ್ತೂಲು ಬೇರೆ, ಗುರಿಯೂ ಬೇರೆ. ನಾಸಿಕದಲ್ಲಿ ಈ ಕ್ರೀಡೆಗೆ ಒಂದು ಮನೋಧರ್ಮವನ್ನೇ ಕೊಟ್ಟವರು ದಿವಂಗತ ಭೀಷ್ಮರಾಜ ಬಾಮ್. ಹಿರಿಯ ಪೊಲೀಸ್ ಅಧಿಕಾರಿಯಾಗಿ ನಿವೃತ್ತರಾದ ಬಾಮ್ ಅವರು ಪತಂಜಲಿಯ ಯೋಗದ ಆಧಾರದಲ್ಲಿ ಏಕಾಗ್ರತೆಯ ಪಾಠವನ್ನು ಕ್ರೀಡಾಪಟುಗಳಿಗೆ ಹೇಳಿಕೊಟ್ಟವರು. ಶೂಟರ್ ಅಂಜಲಿ ಭಾಗವತ್, ನಾಸಿಕದ ಓಟಗಾರ್ತಿ ಕವಿತಾ ರಾವುತ್ ಮುಂತಾದವರು ಮಾತ್ರವಲ್ಲ, ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್ ಕೂಡ ಅವರ ಸಲಹೆ ಪಡೆದವರೇ. ಗೆಲ್ಲಬೇಕೆಂಬ ಯೋಚನೆ ಬಿಟ್ಟು ಕೈಯಲ್ಲಿರುವ ಕೆಲಸದಲ್ಲಿ ಮುಳುಗುವುದು ಹೇಗೆ ಎಂಬುದೇ ಅವರ ಬೋಧನೆಯ ತಿರುಳು. 2017ರ ಮೇ ತಿಂಗಳಿನಲ್ಲಿ ನಾಸಿಕದಲ್ಲಿ ಉಪನ್ಯಾಸ ನೀಡುತ್ತಿರುವಾಗಲೇ ಅವರು ಕುಸಿದು ಕೊನೆಯುಸಿರೆಳೆದರು.

ಬಾಮ್ ಅವರ ಗರಡಿಯಲ್ಲಿ ಪಳಗಿ, ನಗರದ ಎಕ್ಸ್‌ಎಲ್ ಟಾರ್ಗೆಟ್ ಶೂಟರ್ಸ್ ಸಂಸ್ಥೆಯ ಮೂಲಕ ನೂರಾರು ಎಳೆಯರ ಕೈಗೆ ಪಿಸ್ತೂಲು ಹಿಡಿಸಿದವರು ಮೋನಾಲಿ ಗೋರ್ಹೆ. ರಾಷ್ಟ್ರೀಯ ಪಿಸ್ತೂಲು ತಂಡದ ತರಬೇತುದಾರರ ಬಳಗದಲ್ಲಿಯೂ ಅವರಿದ್ದರು. 2021ರ ಮೇ 20ರಂದು, ಕೋವಿಡ್ ಬಳಿಕ ಅಂಟಿಕೊಂಡ ಕಪ್ಪು ಶಿಲೀಂಧ್ರ ರೋಗಕ್ಕೆ 44ರ ಹರೆಯದಲ್ಲಿ ಅವರು ಬಲಿಯಾದರು. ಅವರ ತಂದೆಯವರನ್ನೂ ಅದೇ ವೇಳೆಗೆ ಕೋವಿಡ್ ಸೆಳೆದೊಯ್ದಿತ್ತು. ಟೋಕಿಯೋ ಒಲಿಂಪಿಕ್ಸ್‌ಗೆ ಆಗ ಎರಡೇ ತಿಂಗಳು ಬಾಕಿ. ನಾಲ್ಕು ವರ್ಷಗಳ ಅಂತರದಲ್ಲಿ ಗುರುವನ್ನೂ ಗುರುವಿನ ಶಿಷ್ಯೆಯನ್ನೂ ಕಳೆದುಕೊಂಡ ನಗರವಿದು. ಶೂಟಿಂಗ್‌ನಲ್ಲಿ ಗುರುವಿನ ಸ್ಥಾನವನ್ನು ಯಂತ್ರ ತುಂಬಲಾರದು. ಗುಂಡು ಎಲ್ಲಿ ಬಿತ್ತೆಂದು ಎಲೆಕ್ಟ್ರಾನಿಕ್ ಪರದೆ ತೋರಿಸೀತು, ಅಲ್ಲಿಗೇ ಯಾಕೆ ಬಿತ್ತೆಂದು ಹೇಳಲು ಬೆನ್ನ ಹಿಂದೆ ನಿಂತು ನೋಡುವ ಕಣ್ಣು ಬೇಕು.

ಇನ್ನು ಹೆತ್ತವರ ಮೊದಲ ಪ್ರಶ್ನೆಗೆ ಬರೋಣ: ಯಾವ ಪಿಸ್ತೂಲು? ಆರಂಭ ಎಲ್ಲರಿಗೂ 10 ಮೀಟರ್ ಏರ್ ಪಿಸ್ತೂಲಿನಿಂದಲೇ. ಇದರಲ್ಲಿ ಮದ್ದುಗುಂಡಿಲ್ಲ. ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿ 4.5 ಮಿಲಿಮೀಟರಿನ ಸೀಸದ ಪೆಲೆಟ್ಟನ್ನು ದೂಡುತ್ತದೆ. ಇಷ್ಟೇ ಗಾತ್ರದ, 20 ಜೂಲ್ ಮೀರದ ಶಕ್ತಿಯ ಏರ್ ಪಿಸ್ತೂಲಿಗೆ ಶಸ್ತ್ರ ಪರವಾನಗಿ ಬೇಕಿಲ್ಲ. ಮುಂದೆ 25 ಮೀಟರಿನ .22 ಪಿಸ್ತೂಲಿಗೆ ಹೋಗುವವರಿಗೆ ಮಾತ್ರ ಪರವಾನಗಿ, ಪೊಲೀಸ್ ವಿಚಾರಣೆ, ಕ್ರೀಡಾ ಸಂಸ್ಥೆಯ ಪತ್ರ ಎಲ್ಲವೂ ಬರುತ್ತವೆ. ಊರಿನಲ್ಲಿ ಕೊಡವರು ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಪೂಜಿಸಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವುದನ್ನು ಕಂಡವರು, ಶಸ್ತ್ರ ಕಾಯಿದೆಯಲ್ಲಿ ಅವರಿಗಿರುವ ವಿನಾಯಿತಿ ತಮಗೂ ಇದೆಯೆಂದು ಭಾವಿಸಬಾರದು!

ಸ್ಪರ್ಧೆಯ ಏರ್ ಪಿಸ್ತೂಲುಗಳು ಬಹುತೇಕ ಯುರೋಪಿನವು: ಸ್ವಿಟ್ಜರ್ಲೆಂಡಿನ ಮೊರಿನಿ, ಆಸ್ಟ್ರಿಯಾದ ಸ್ಟೈಯರ್, ಜರ್ಮನಿಯ ವಾಲ್ಟರ್ ಮತ್ತು ಫೈನ್‌ವೆರ್ಕ್‌ಬೌ, ಇಟಲಿಯ ಪಾರ್ದಿನಿ. ಬೆಲೆ ಲಕ್ಷದ ಲೆಕ್ಕದಲ್ಲಿ. ಒಂದು ಹೋಟೇಲಿನ ಹೊಸ ಗ್ರೈಂಡರಿಗಿಂತ ಹೆಚ್ಚಿನ ಬಂಡವಾಳ ಇದಕ್ಕೆ ಬೇಕು ಎಂದರೆ ನಮ್ಮವರಿಗೆ ಅರ್ಥವಾದೀತು. ಆದುದರಿಂದ ಮೊದಲ ಕೆಲವು ತಿಂಗಳು ಕ್ಲಬ್ಬಿನ ಪಿಸ್ತೂಲಿನಲ್ಲಿಯೇ ಕಲಿಯುವುದು ಜಾಣತನ. ಪದಕ ಗೆದ್ದವರ ಕೈಯಲ್ಲಿ ಯಾವ ಕಂಪನಿಯದಿದೆ ಎಂದು ನೋಡಿ ಅದನ್ನೇ ತರಿಸುವುದು ಮಾತ್ರ ಎಲ್ಲಕ್ಕಿಂತ ದುಬಾರಿ ತಪ್ಪು. ಈ ಎಲ್ಲ ಕಂಪನಿಗಳ ಪಿಸ್ತೂಲುಗಳೂ ಕೈಯಲ್ಲಿ ಹಿಡಿದವರಿಗಿಂತ ಹೆಚ್ಚು ನಿಖರವಾಗಿಯೇ ಹೊಡೆಯುತ್ತವೆ.

ಆರಿಸಬೇಕಾದುದು ಹಿಡಿಯನ್ನು. ಮರದ ಹಿಡಿ ಸಣ್ಣ, ಮಧ್ಯಮ, ದೊಡ್ಡ ಎಂದು ಅಳತೆಗಳಲ್ಲಿ ಬರುತ್ತದೆ. ಎಡಗೈಯವರಿಗೆ ಬೇರೆಯೇ ಇದೆ. ಕಣ್ಣು ಮುಚ್ಚಿ ಪಿಸ್ತೂಲು ಹಿಡಿದು, ಕೈ ಎತ್ತಿ, ಕಣ್ಣು ತೆರೆದಾಗ ಹಿಂದಿನ ಸೈಟಿನ ಕಿಂಡಿಯ ನಟ್ಟನಡುವೆ ಮುಂದಿನ ಸೈಟು ತಾನಾಗಿ ಕುಳಿತಿದ್ದರೆ ಆ ಹಿಡಿ ನಿಮ್ಮದು. ಎಡಕ್ಕೋ ಬಲಕ್ಕೋ ಸರಿದಿದ್ದರೆ ಮಣಿಕಟ್ಟನ್ನು ತಿರುಚಿ ಸರಿಪಡಿಸಬಾರದು, ಹಿಡಿಯನ್ನು ಸರಿಪಡಿಸಬೇಕು. ಹೆಚ್ಚಿದ್ದಲ್ಲಿ ಅರದಿಂದ ಉಜ್ಜಿ, ಕಡಿಮೆಯಿದ್ದಲ್ಲಿ ಮರದ ಪುಟ್ಟಿ ತುಂಬಿ, ಒಂದೊಂದು ಬೆರಳಿನ ಜಾಗವನ್ನೂ ಹೊಂದಿಸುತ್ತಾ ತಿಂಗಳುಗಟ್ಟಲೆ ಕೂರುವ ಶೂಟರ್‌ಗಳಿದ್ದಾರೆ. ನೋಡಲು ಚೆಂದದ ಹೊಸ ಹಿಡಿ ಕೊನೆಗೆ ತೇಪೆ ಹಾಕಿದ ಚಪ್ಪಲಿಯಂತೆ ಕಂಡರೂ ಕೈಗೆ ಸುಖ. ಬೆಳೆಯುವ ಮಕ್ಕಳ ಕೈಯಂತೂ ವರ್ಷಕ್ಕೊಮ್ಮೆ ಬದಲಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಿಯಮಗಳೂ ಬಿಗಿ. ಪಿಸ್ತೂಲಿನ ತೂಕ 1,500 ಗ್ರಾಂ ಮೀರಬಾರದು. ಹಿಡಿ ಮಣಿಕಟ್ಟಿಗೆ ಆಸರೆ ಕೊಡಬಾರದು. ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಾಳಬೇಕು. ಸ್ಪರ್ಧೆಯಲ್ಲಿ ಅದಕ್ಕೆ ತೂಕ ನೇತುಹಾಕಿಯೇ ಪರೀಕ್ಷಿಸುತ್ತಾರೆ. ಟ್ರಿಗರ್ ಯಾಂತ್ರಿಕವೂ ಇರಬಹುದು, ಎಲೆಕ್ಟ್ರಾನಿಕ್ ಕೂಡ ಇರಬಹುದು. 2021ರಲ್ಲಿ ಟೋಕಿಯೋದಲ್ಲಿ ಪಿಸ್ತೂಲು ಸ್ಪರ್ಧೆಯ ನಡುವೆಯೇ ಕೆಟ್ಟು ನಿಂತು, ರಿಪೇರಿಯಲ್ಲಿ ಹೊತ್ತು ಕಳೆದ ಮನು ಭಾಕರ್ 575 ಅಂಕಗಳೊಂದಿಗೆ 12ನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ಮೂರು ವರ್ಷಗಳ ಬಳಿಕ ಪ್ಯಾರಿಸ್‌ನಲ್ಲಿ ಆಕೆ ಏನು ಮಾಡಿದರೆಂಬುದು ಎಲ್ಲರಿಗೂ ತಿಳಿದಿದೆ. ಹಳೆಯ ಪಿಸ್ತೂಲು ಕೊಳ್ಳುವವರು ಗಾಳಿಯ ಸಿಲಿಂಡರಿನ ಮೇಲಿನ ತಾರೀಖನ್ನು ನೋಡಲೇಬೇಕು. ತಯಾರಾಗಿ 10 ವರ್ಷ ದಾಟಿದ ಸಿಲಿಂಡರಿಗೆ ಸ್ಪರ್ಧೆಯಲ್ಲಿ ಪ್ರವೇಶವಿಲ್ಲ, ಅಪಾಯವೂ ಹೌದು.

ಇಷ್ಟಾದ ಮೇಲೆ ಹೊಡೆಯುವುದು. ಸಿನಿಮಾದ ನಾಯಕ ಎರಡು ಕೈಯಲ್ಲಿ ಹಿಡಿದು ಓಡುತ್ತಾ ಹೊಡೆಯುತ್ತಾನೆ. ಇಲ್ಲಿ ಒಂದೇ ಕೈ. ಇನ್ನೊಂದು ಪ್ಯಾಂಟಿನ ಕಿಸೆಯಲ್ಲಿ. ಹತ್ತು ಮೀಟರ್ ದೂರದ ಗುರಿಯಲ್ಲಿ ಹತ್ತು ಅಂಕದ ವೃತ್ತ ಕೇವಲ 11.5 ಮಿಲಿಮೀಟರ್ ಅಗಲ, ಅಂಗಿಯ ಗುಂಡಿಯಷ್ಟು. 75 ನಿಮಿಷಗಳಲ್ಲಿ 60 ಗುಂಡು. ಮಹಿಳೆಯರಿಗೆ ಹಿಂದೆ 40 ಇದ್ದದ್ದು 2018ರಿಂದ 60 ಆಗಿದೆ.

ಹೊಸಬರ ಕೈ ನಡುಗುತ್ತದೆ, ಹಳಬರದೂ ನಡುಗುತ್ತದೆ. ಆ ನಡುಕ ಅಷ್ಟು ಕೆಡುಕಲ್ಲ ಎಂಬುದೇ ಈ ಕಲೆಯ ಗುಟ್ಟು. ಎರಡೂ ಸೈಟುಗಳು ಸರಿಯಾಗಿ ಹೊಂದಿಕೊಂಡಿದ್ದು ಇಡೀ ಕೈ ಒಂದು ಮಿಲಿಮೀಟರ್ ಆಚೀಚೆಯಾದರೆ ಪೆಲೆಟ್ ಕೂಡ ಅಷ್ಟೇ ಸರಿಯುತ್ತದೆ, ಹತ್ತು ಹತ್ತಾಗಿಯೇ ಉಳಿಯುತ್ತದೆ. ಆದರೆ ಮುಂದಿನ ಸೈಟು ಹಿಂದಿನದರ ನಡುವಿನಿಂದ ಒಂದೇ ಮಿಲಿಮೀಟರ್ ಜರುಗಿದರೆ, ಎರಡು ಸೈಟುಗಳ ನಡುವಿನ ಅಂತರ ಸುಮಾರು 33 ಸೆಂಟಿಮೀಟರ್ ಇರುವುದರಿಂದ, ಹತ್ತು ಮೀಟರ್ ದೂರದಲ್ಲಿ ಅದು 30 ಮಿಲಿಮೀಟರ್ ತಪ್ಪಾಗುತ್ತದೆ. ಹತ್ತರ ಬದಲು ಏಳು! ಆದುದರಿಂದಲೇ ಕಣ್ಣು ಗುರಿಯನ್ನು ದಿಟ್ಟಿಸಬಾರದು, ಮುಂದಿನ ಸೈಟನ್ನು ದಿಟ್ಟಿಸಬೇಕು. ಗುರಿಯ ಕಪ್ಪು ವೃತ್ತ ಮಸುಕಾಗಿಯೇ ಕಾಣಲಿ. ಪಿಸ್ತೂಲನ್ನು ಕಪ್ಪಿನ ನಡುವಿಗೆ ಹಿಡಿಯದೆ ಅದರ ಕೆಳಗಿನ ಬಿಳಿ ಜಾಗದಲ್ಲಿ ಹಿಡಿಯುವುದೂ ಇದಕ್ಕಾಗಿಯೇ. ಕಪ್ಪಿನ ಮೇಲೆ ಕಪ್ಪು ಸೈಟು ಸ್ಪಷ್ಟವಾಗಿ ಕಾಣದು.

ಇನ್ನುಳಿದುದು ಟ್ರಿಗರ್. 'ಈಗ ಸರಿಯಾಗಿದೆ, ಹೊಡೆದುಬಿಡೋಣ' ಎಂದು ಬೆರಳು ಎಳೆದ ಕೂಡಲೇ ಸೈಟು ಕುಸಿಯುತ್ತದೆ. ಒತ್ತಡ ಮೆಲ್ಲನೆ ಏರುತ್ತಾ ಹೋಗಿ ಗುಂಡು ತಾನಾಗಿ ಹೊರಟಂತಿರಬೇಕು, ಹೊರಟ ಮೇಲೂ ಒಂದೆರಡು ಕ್ಷಣ ಕೈ ಹಾಗೆಯೇ ನಿಂತಿರಬೇಕು. ಐದಾರು ಸೆಕೆಂಡಿನಲ್ಲಿ ಆಗದಿದ್ದರೆ ಕೈ ಇಳಿಸಿ ಉಸಿರಾಡಿ ಮತ್ತೆ ಎತ್ತುವುದೇ ಲೇಸು. ಆ ಇಳಿಸುವ ಮನಸ್ಸು ಬರಲು ವರ್ಷಗಳು ಬೇಕು.

ಈ ಅಭ್ಯಾಸದ ಬಹುಪಾಲು ಪೆಲೆಟ್ ಇಲ್ಲದೆಯೇ ನಡೆಯುತ್ತದೆ. ಮನೆಯ ಬಿಳಿ ಗೋಡೆಯ ಮುಂದೆ ನಿಂತು ಸೈಟು ಮಾತ್ರ ನೋಡುತ್ತಾ ಖಾಲಿ ಟ್ರಿಗರ್ ಒತ್ತುವುದು. ದಿನಕ್ಕೆ ಅರ್ಧ ಗಂಟೆ. ಗೋಡೆಯಲ್ಲಿ ಗುರಿಯಿಲ್ಲ, ಅಂಕವಿಲ್ಲ, ಆಸೆಯೂ ಇಲ್ಲ. ಹಾಗಾಗಿ ತಪ್ಪು ಬೇಗ ಕಾಣುತ್ತದೆ. ಪಿಸ್ತೂಲು ಇನ್ನೂ ಕೊಳ್ಳದವರು ಒಂದು ಲೀಟರ್ ನೀರಿನ ಬಾಟಲಿ ಹಿಡಿದು ತೋಳು ಚಾಚಿ ನಿಂತರೂ ಭುಜ ಗಟ್ಟಿಯಾಗುತ್ತದೆ. ಖರ್ಚಿಗೆ ಹೆದರುವ ಹೆತ್ತವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರಿಲ್ಲ.

ತಡವಾಯಿತೆಂದು ಚಿಂತಿಸುವವರು ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರನ್ನು ನೆನೆಯಬೇಕು. ಕೆನಡಾದಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದು, ಮರಳಿ ಬಂದು ಪಿಸ್ತೂಲು ಹಿಡಿದವರು. ತಂದೆಯವರೂ ಶೂಟರ್. 2013ರಲ್ಲಿ ಕೊರಿಯಾದ ಚಾಂಗ್ವನ್ ವಿಶ್ವಕಪ್‌ನಲ್ಲಿ ಏರ್ ಪಿಸ್ತೂಲಿನ ಕಂಚು ಗೆದ್ದ ಕೆಲವೇ ತಿಂಗಳಲ್ಲಿ, ಸ್ಪೇನಿನ ಗ್ರನಾಡದಲ್ಲಿರುವಾಗ ಅವರ ಮುಖದ ಒಂದು ಬದಿಗೆ ಪಾರ್ಶ್ವವಾಯು ಬಡಿಯಿತು. ಕಣ್ಣೇ ಬಂಡವಾಳವಾದ ಕ್ರೀಡೆಯಲ್ಲಿ ಅರ್ಧ ಮುಖ ಮಾತು ಕೇಳದಿದ್ದರೆ ಹೇಗೆ? ಆದರೂ 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, ಅದೇ ವರ್ಷ ಇಂಚಾನ್ ಏಷ್ಯಾಡ್‌ನಲ್ಲಿ ತಂಡದ ಕಂಚು. 2016ರಲ್ಲಿ, ನಲ್ವತ್ತರ ಹರೆಯದಲ್ಲಿ, ರಿಯೋ ಒಲಿಂಪಿಕ್ಸ್‌ನ 50 ಮೀಟರ್ ಪಿಸ್ತೂಲಿನಲ್ಲಿ ಸ್ಪರ್ಧಿಸಿದರು. ಆ ವಿಭಾಗವೇ ಬಳಿಕ ಒಲಿಂಪಿಕ್ಸ್‌ನಿಂದ ಮರೆಯಾಯಿತು. ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. 2023ರಲ್ಲಿ ಬಾಕು ವಿಶ್ವಕಪ್‌ನಲ್ಲಿ ಸರಬ್‌ಜೋತ್ ಸಿಂಗ್ ಜೊತೆ ಮಿಶ್ರ ತಂಡದ ಚಿನ್ನವನ್ನೂ, ಅದೇ ವರ್ಷ ಹಾಂಗ್ಝೌ ಏಷ್ಯಾಡ್‌ನಲ್ಲಿ ಎರಡು ಬೆಳ್ಳಿಯನ್ನೂ ಗೆದ್ದರು.

ಛತ್ರಪತಿ ಸಂಭಾಜಿನಗರದ ನಮ್ಮವರ ಪಾಡು ಸ್ವಲ್ಪ ಬೇರೆ. ನೆಂಟರಿಷ್ಟರು ಊರಿನಿಂದ ಬಂದರೆ ರಾಷ್ಟ್ರಕೂಟರ ಕೈಲಾಸ ದೇವಾಲಯವನ್ನೂ, ದೌಲತಾಬಾದ್ ಕೋಟೆಯ ಟಗರಿನ ತಲೆಯ ತೋಪನ್ನೂ ಹೆಮ್ಮೆಯಿಂದ ತೋರಿಸುವ ಇವರಿಗೆ, ವಾಳೂಜ್ ಕಾರ್ಖಾನೆಗಳ ಪಾಳಿಯ ದುಡಿಮೆಯ ನಡುವೆ ಮಕ್ಕಳನ್ನು ಅಭ್ಯಾಸಕ್ಕೆ ಕರೆದೊಯ್ಯುವುದೇ ಸಾಹಸ. ವೈಜಾಪುರ, ಯೇವಲಾ ಮಾರ್ಗವಾಗಿ ನಾಸಿಕಕ್ಕೆ ಬರುವುದೆಂದರೆ ಸುಮಾರು ನಾಲ್ಕು ಗಂಟೆಯ ಪಯಣ, ದಿನಾ ಆಗುವ ಮಾತಲ್ಲ. ಅಂಥವರಿಗೆ ಮನೆಯ ಗೋಡೆಯೇ ಮೊದಲ ರೇಂಜು. ಆಗಾಗ ಬಂದು ತಪ್ಪು ತಿದ್ದಿಸಿಕೊಂಡು ಹೋದರೂ ಸಾಕಷ್ಟು ಕಲಿಯಬಹುದು.

ಕ್ಲಬ್ಬಿಗೆ ಸೇರಿಸುವ ಮುನ್ನ ಅದು ಜಿಲ್ಲಾ ಸಂಸ್ಥೆಯ ಮೂಲಕ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್‌ಗೆ ಸಂಯೋಜಿತವೇ ಎಂದು ಕೇಳಿ ತಿಳಿಯುವುದು ಅಗತ್ಯ. ಇಲ್ಲದಿದ್ದರೆ ಮಗು ಎಷ್ಟೇ ಚೆನ್ನಾಗಿ ಹೊಡೆದರೂ ರಾಜ್ಯ ಸ್ಪರ್ಧೆಯ ಬಾಗಿಲು ತೆರೆಯದು. 1951ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ರೈಫಲ್ ಸಂಸ್ಥೆಗೆ ಲೋಕಸಭೆಯ ಮೊದಲ ಸ್ಪೀಕರ್ ಜಿ. ವಿ. ಮಾವಳಂಕರ್ ಅವರೇ ಪ್ರಥಮ ಅಧ್ಯಕ್ಷರು. ಅವರ ಹೆಸರಿನ ಅಖಿಲ ಭಾರತ ಸ್ಪರ್ಧೆ ಇಂದಿಗೂ ರಾಷ್ಟ್ರೀಯ ಸ್ಪರ್ಧೆಗೆ ಏರುವ ಮೆಟ್ಟಿಲು. ಮತ್ತೆ ಮನೆಯಲ್ಲಿ ಪಿಸ್ತೂಲಿಗೆ ಬೀಗದ ಪೆಟ್ಟಿಗೆ ಬೇಕು. ಬೀಗದ ಕೈ ಅಪ್ಪ ಅಮ್ಮನ ಬಳಿ ಇರಲಿ. ಗೋಡೆಯ ಮುಂದೆ ಅಭ್ಯಾಸಕ್ಕೆ ನಿಂತಾಗಲೂ ಪೆಲೆಟ್ ಡಬ್ಬಿ ಬೇರೆ ಕೋಣೆಯಲ್ಲಿರಲಿ.